ಸರ್ ದನಿಯಲ್ಲಿ ರಬ್ಬರಿನ ಪಾಠ

ನಮ್ಮ ವೈನಿಗೆ ಹಿಂದಿ ಕಲಿಸುತ್ತೇನೆಂದು ಹೇಳಿ, ಹಿಂದಿಯ ಬದಲು ಒಬ್ಬ ಮನುಷ್ಯನನ್ನು ಕಲಿಸಿದವನು ನಾನು. ತಿಳಿಯದೆ ಮಾಡಿದ್ದಲ್ಲ. ಗೊತ್ತಿದ್ದೂ ಗೊತ್ತಿದ್ದೂ, ಒಳಗೊಳಗೇ ನಗುತ್ತ, ದಿನಾ ಸಂಜೆ ಅವರದೇ ಕೈಯ ಚಹಾ ಕುಡಿಯುತ್ತ ಮಾಡಿದ್ದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊನೆಗೆ ಹೇಳಿದರೆ ಅಲ್ಲಿಯವರೆಗೆ ನೀವು ನನ್ನನ್ನು ಸಂಭಾವಿತ ಅಂದುಕೊಂಡಿರುತ್ತೀರಿ. ನನ್ನನ್ನು ಬಲ್ಲವರು ಯಾರೂ ಆ ಪೆದ್ದತನ ಮಾಡುವುದಿಲ್ಲ.

ನಾನು ಮಿಮಿಕ್ರಿ ಮಾಡುವವನು. ದೊಡ್ಡ ಕಲಾವಿದ ಏನಲ್ಲ. ಗಣಪತಿ ಮಂಡಳದ ಕಾರ್ಯಕ್ರಮದಲ್ಲಿ ಮುಖ್ಯ ಅತಿಥಿ ಬರುವುದು ತಡವಾದಾಗ, ಗೆಳೆಯರ ಮದುವೆಯಲ್ಲಿ ಕರೆಂಟ್ ಇದ್ದೂ ಹಾಡುವವರು ಇಲ್ಲದಿದ್ದಾಗ, ಯಾರಾದರೂ "ಅರೇ, ಆ ಕಾನಡಿ ಹುಡುಗನನ್ನು ಕರೀರಿ" ಅನ್ನುತ್ತಾರೆ. ಕಾನಡಿ ಅಂದರೆ ಕನ್ನಡದವನು. ಅಪ್ಪನ ಕೆಮ್ಮು, ಅವ್ವ ಫೋನಿನಲ್ಲಿ ಮಾತಾಡುವ ದನಿ ಮತ್ತು ಫೋನ್ ಇಟ್ಟಮೇಲೆ ಹೊರಬರುವ ಅಸಲಿ ದನಿ, ಮೆಟ್ರೋದಲ್ಲಿ ಬಾಗಿಲು ಎಡಕ್ಕೆ ತೆರೆಯುತ್ತದೆಂದು ಹೇಳುವ ಹೆಣ್ಣುಮಗಳು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದಾರೆ. ನನ್ನನ್ನೂ ಬಿಟ್ಟಿಲ್ಲ. ಹನ್ನೆರಡನೆಯ ಕ್ಲಾಸಿನ ಕೆಮಿಸ್ಟ್ರಿ ರಿಸಲ್ಟ್ ಬಂದ ದಿನ ಅಪ್ಪನ ಮುಂದೆ ನಿಂತ ನನ್ನನ್ನು ನಾನೇ ಮಾಡಿ ತೋರಿಸುತ್ತೇನೆ. ಚಪ್ಪಾಳೆ ಅದಕ್ಕೇ ಹೆಚ್ಚು.

ಅಪ್ಪ ರೈಲ್ವೆಯಲ್ಲಿದ್ದರು. ಹುಬ್ಬಳ್ಳಿಯಿಂದ ವರ್ಗವಾಗಿ ನಾಗಪುರಕ್ಕೆ ಬಂದು, ಇಲ್ಲೇ ರಿಟೈರಾಗಿ, ಮನೀಶ್ ನಗರದಲ್ಲಿ ಒಂದು ಫ್ಲಾಟ್ ಮಾಡಿಕೊಂಡು ಕೂತರು. ಅಣ್ಣ ಏರ್‌ಫೋರ್ಸಿನಲ್ಲಿ. ಹೋದ ವರ್ಷ ಅಣ್ಣನ ಮದುವೆಯಾಗಿ ಗದಗ ಕಡೆಯಿಂದ ವೈನಿ ಬಂದರು. ವೈನಿ ಅಂದರೆ ಅಣ್ಣನ ಹೆಂಡತಿ. ಮೈಸೂರು ಕಡೆಯವರಿಗೆ ಅತ್ತಿಗೆ. ಕೆಮಿಸ್ಟ್ರಿಯಲ್ಲಿ ಎಮ್ಮೆಸ್ಸಿ ಮಾಡಿದವರು, ಊರಲ್ಲಿ ಪಿಯು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ನನಗಿಂತ ನಾಲ್ಕಾರು ವರ್ಷಕ್ಕೆ ದೊಡ್ಡವರು. ಆದರೂ ನನಗೆ "ರೀ" ಹಚ್ಚಿ ಮಾತಾಡುತ್ತಿದ್ದರು. ಆ "ರೀ"ಗೆ ನಾನು ಎಂದೂ ಯೋಗ್ಯನಾಗಿರಲಿಲ್ಲ.

ನಾಗಪುರಕ್ಕೆ ಬಂದು ವೈನಿಯ ಬಾಯಿ ಕಟ್ಟಿತು. ಅವರಿಗೆ ಹಿಂದಿ ಬರದು, ಮರಾಠಿ ಬರದು. ಮನೆಯಲ್ಲಿ ಕನ್ನಡವೇ ಆಡುತ್ತೇವೆ ಅಂತ ಹೇಳಿಕೊಳ್ಳುತ್ತೇವಾದರೂ ನಮ್ಮದು ಎಂಥ ಕನ್ನಡ! ಎರಡು ಕನ್ನಡ, ಒಂದು ಮರಾಠಿ, ಮತ್ತೆ ಒಂದು ಕನ್ನಡ, ಎರಡು ಹಿಂದಿ. ಯಾವ ಮಣಿಯ ಪಕ್ಕ ಯಾವ ಮಣಿ ಬರುತ್ತದೆ ಅನ್ನುವುದು ಪೋಣಿಸುವವರಿಗೇ ಗೊತ್ತಿರುವುದಿಲ್ಲ. ಒಂದು ದಿನ ಅವ್ವನ ಎದುರು ಸೊಪ್ಪು ಬಿಡಿಸುತ್ತ ವೈನಿ ಅಂದದ್ದು ನನಗೆ ಕೇಳಿಸಿತು:

"ಅತ್ತಿ, ಊರಾಗ ನಾ ಬಾಯಿ ತಗದ್ರ ಇಡೀ ಕ್ಲಾಸು ಸುಮ್ನ ಕುಂದರತಿತ್ತು. ಇಲ್ಲಿ ಕೊತಂಬ್ರಿ ಮಾರಾಂವಗೂ ಬೆರಳು ತೋರ್ಸಿ ಕೇಳಬೇಕಾಗೇತಿ. ಹಿಂಗ ಇದ್ರ ನಾ ಪಾಠ ಹೇಳತಿದ್ದೆ ಅನ್ನೂದನ್ನ ನಾನ ಮರೀತೀನಿ."

ನಾಗಪುರದ ಸದರ್ ಬಡಾವಣೆಯ ಒಂದು ಕೋಚಿಂಗ್ ಕ್ಲಾಸಿಗೆ ಕೆಮಿಸ್ಟ್ರಿ ಹೇಳುವವರು ಬೇಕಾಗಿದ್ದಾರೆ ಎನ್ನುವ ಸುದ್ದಿ ಬಂದದ್ದು ಅದೇ ದಿನಗಳಲ್ಲಿ. ಕನ್ನಡಕದ ಅಂಗಡಿಯ ಮೇಲಿನ ಎರಡು ಕೋಣೆಯ ಕ್ಲಾಸು ಅದು. ನಾನು ಓದಿದ್ದೂ ಅಲ್ಲಿಯೇ, ಅದೂ ಎರಡು ಸಲ, ಒಂದೇ ವರ್ಷದ ಪಾಠವನ್ನು. ಕ್ಲಾಸು ನಡೆಸುವ ಸರ್ ಅರವತ್ತು ದಾಟಿದವರು. ಗಂಟಲಿಗೆ ವಿಶ್ರಾಂತಿ ಕೊಡಿ ಎಂದು ಡಾಕ್ಟರು ಹೇಳಿದ್ದರಂತೆ. ನಾನೇ ಫೋನ್ ಮಾಡಿ ವೈನಿಯ ವಿಷಯ ಹೇಳಿದೆ. "ಒಂದು ಪಾಠ ಮಾಡಿ ತೋರಿಸಲಿ, ಪಾಲಿಮರ್ ಚಾಪ್ಟರ್. ಹುಡುಗರಿಗೆ ಇಷ್ಟವಾದರೆ ಇಟ್ಟುಕೊಳ್ಳುತ್ತೇನೆ. ಆದರೆ ಹಿಂದಿಯಲ್ಲಿ ಹೇಳಬೇಕು" ಅಂದರು.

ವೈನಿಗೆ ಪಾಲಿಮರ್ ಬಾಯಿಪಾಠ. ಹಿಂದಿಯದೇ ಕಷ್ಟ. ಅಣ್ಣ ಡ್ಯೂಟಿ ಮೇಲೆ ಬೇರೆ ಊರಲ್ಲಿದ್ದ. ಅಪ್ಪನ ಹಿಂದಿ ಪ್ಲಾಟ್‌ಫಾರ್ಮಿನ ಹಿಂದಿ, "ಹಟೋ, ಬಾಜೂ ಹೋ ಜಾವೋ" ಬಿಟ್ಟರೆ ಮುಂದೆ ಹೋಗುವುದಿಲ್ಲ. ಅವ್ವನದು ಬದನೆಕಾಯಿ, ಹೀರೇಕಾಯಿಯಲ್ಲಿ ಮುಗಿಯುತ್ತದೆ. ಉಳಿದವನು ನಾನು.

ಸಮಸ್ಯೆ ಏನೆಂದರೆ, ಪಾಲಿಮರ್ ಪಾಠವನ್ನು ಹಿಂದಿಯಲ್ಲಿ ನಾನು ಕೇಳಿದ್ದು ಆ ಸರ್ ಬಾಯಿಂದ ಮಾತ್ರ. ನನ್ನ ತಲೆಯಲ್ಲಿ ಆ ಪಾಠ ಅವರ ದನಿಯಲ್ಲೇ ಕೂತಿತ್ತು. ಬಾಯಿ ತೆರೆದರೆ ಸರ್ ಹೊರಗೆ ಬರುತ್ತಿದ್ದರು. ಗಣಪತಿ ಮಂಡಳದಲ್ಲಿ ಅವರನ್ನೂ ಮಾಡಿ ತೋರಿಸಿ ಎಷ್ಟೋ ಸಲ ಚಪ್ಪಾಳೆ ಗಿಟ್ಟಿಸಿದ್ದೆ. ದೊಡ್ಡ ಹೆಸರು ಬಂತೆಂದರೆ ಮೊದಲು "ಹ್ಞಂ-ಹ್ಞಂ" ಎಂದು ಎರಡು ಸಲ ಗಂಟಲು ಸರಿಮಾಡಿಕೊಳ್ಳುವುದು. ಪ್ರತಿ ಅಣುವಿಗೂ "ಭಾವೂ" ಹಚ್ಚುವುದು. ನಾಗಪುರದಲ್ಲಿ ಎಲ್ಲರೂ ಎಲ್ಲರಿಗೂ ಭಾವೂ, ಅಂದರೆ ಅಣ್ಣ, ಆದರೆ ಅಣುಗಳನ್ನು ಹಾಗೆ ಕರೆಯುವವರು ಸರ್ ಒಬ್ಬರೇ. ವಾಕ್ಯದ ಕೊನೆಗೆ ಮರಾಠಿಯಲ್ಲಿ "ಸಮಜಲಂ ಕಾ?" ಅಂದರೆ ತಿಳೀತಾ ಎಂದು ಕೇಳಿ, ಯಾರಾದರೂ ಉತ್ತರ ಕೊಡುವ ಮೊದಲೇ "ನಾಹೀ ಸಮಜಲಂ," ತಿಳೀಲಿಲ್ಲ, ಎಂದು ತಾವೇ ಹೇಳಿ ಮತ್ತೆ ಶುರುಮಾಡುವುದು. ಚಾಕ್‌ಪೀಸಿನ ಕೈಯನ್ನು ಸೊಂಟಕ್ಕೆ ಒರೆಸಿಕೊಳ್ಳುವುದು.

ಮೊದಲ ದಿನ ನಾನು ಇದೆಲ್ಲವನ್ನೂ ಮಾಡಿದೆ, ಅಭ್ಯಾಸಬಲದಿಂದ. ವೈನಿ ನನ್ನ ಹಿಂದೆ ಹಿಂದೆ ಹೇಳಿದರು, "ಹ್ಞಂ-ಹ್ಞಂ, ಬ್ಯುಟಾಡೈನ್ ಭಾವೂ." ನಾನು ನಗು ತಡೆದುಕೊಂಡೆ. ವೈನಿ ಕೇಳಿದರು:

"ಹಿಂದಿಯಾಗ ಅಣುವಿಗೂ ಅಣ್ಣಾ ಅಂತಾರೇನ್ರೀ?"

ಅದು ನಿಜ ಹೇಳುವ ಹೊತ್ತಾಗಿತ್ತು. ನಾನು ಹೇಳಿದ್ದು: "ಇಲ್ಲಿ ಎಲ್ಲಾರಿಗೂ ಮರ್ಯಾದಿ ಕೊಡತಾರ, ವೈನಿ."

"ಚಲೋ ಮಂದಿ" ಅಂದರು ವೈನಿ. ಬರೆದುಕೊಳ್ಳಲೂ ಇಲ್ಲ, ಅವರ ಕಿವಿ ನನ್ನ ಕಿವಿಯಷ್ಟೇ ಚುರುಕು, ಕೇಳಿದ್ದು ಕೇಳಿದ ಹಾಗೇ ಇಳಿಯುತ್ತಿತ್ತು.

ಪಾಠ ಮಾತ್ರ ಅವರು ನನ್ನಿಂದ ಕಲಿಯಲಿಲ್ಲ. ನನಗೆ ಸರ್ ಕೊಟ್ಟ ಉದಾಹರಣೆಗಳು ನೆನಪಿದ್ದವು, ಅವು ಯಾತಕ್ಕೆ ಉದಾಹರಣೆ ಅನ್ನುವುದು ಮರೆತಿತ್ತು. ಪಾಲಿಮರ್ ಅಂದರೆ ಸಣ್ಣ ಸಣ್ಣ ಅಣುಗಳು ಸಾವಿರಗಟ್ಟಲೆ ಕೂಡಿ ಆಗುವ ಉದ್ದನೆಯ ಸರಪಳಿ. ಕೂಡುವುದಕ್ಕೆ ಎರಡು ರೀತಿ. ಸರ್ ನಾಲ್ಕು ಹುಡುಗರನ್ನು ಮುಂದೆ ನಿಲ್ಲಿಸಿ, ತಮ್ಮ ಕೈಯನ್ನು ತಾವೇ ಹಿಡಿದುಕೊಳ್ಳಲು ಹೇಳುತ್ತಿದ್ದರು. ಅದು ಡಬಲ್ ಬಾಂಡು. ಆಮೇಲೆ ಪೆರಾಕ್ಸೈಡಿನಿಂದ ಹುಟ್ಟಿದ, ಒಂದು ಕೈ ಖಾಲಿ ಇರುವ ಒಬ್ಬ ಉಡಾಳ ಬರುತ್ತಾನೆ, ಅವನೇ ಇನಿಶಿಯೇಟರ್, ಆಟ ಶುರುಮಾಡುವವನು. ಅವನು ಮೊದಲನೆಯವನ ಕೈ ಬಿಡಿಸಿ ಹಿಡಿಯುತ್ತಾನೆ. ಮೊದಲನೆಯವನ ಇನ್ನೊಂದು ಕೈ ಖಾಲಿಯಾಗುತ್ತದೆ, ಅವನು ಎರಡನೆಯವನನ್ನು ಹಿಡಿಯುತ್ತಾನೆ. ಹೀಗೆ ಸಾಲು ಬೆಳೆಯುತ್ತದೆ. ಎಲ್ಲಿಯಾದರೂ ಎರಡು ಖಾಲಿ ಕೈಗಳು ಒಂದಕ್ಕೊಂದು ಸಿಕ್ಕಿದರೆ ಸಾಲು ಅಲ್ಲಿಗೆ ನಿಂತಿತು. ಇದು ಅಡಿಷನ್. ಏನೂ ಹೊರಗೆ ಬೀಳುವುದಿಲ್ಲ, ಇದ್ದದ್ದೆಲ್ಲ ಸರಪಳಿಯಲ್ಲೇ ಉಳಿಯುತ್ತದೆ.

ಇನ್ನೊಂದು ರೀತಿಗೆ ಸರ್ ರೈಲ್ವೆ ಸ್ಟೇಷನ್ ತರುತ್ತಿದ್ದರು. ಬಹಳ ದಿನದ ಮೇಲೆ ಬಂಧುಗಳು ಸಿಕ್ಕರು, ಅಪ್ಪಿಕೊಂಡರು, ಪ್ರತಿ ಅಪ್ಪುಗೆಗೂ ಒಂದು ಹನಿ ಕಣ್ಣೀರು. ಅಂದರೆ ಎರಡು ಅಣು ಕೂಡಿದಾಗಲೊಮ್ಮೆ ನೀರಿನಂಥ ಒಂದು ಸಣ್ಣ ಅಣು ಹೊರಗೆ ಬೀಳುತ್ತದೆ. ನೈಲಾನು, ಟೆರಿಲೀನು ಆಗುವುದು ಹಾಗೆ. ಇದು ಕಂಡೆನ್ಸೇಶನ್.

ನಾನು ಠೀವಿಯಿಂದ, ಸೊಂಟಕ್ಕೆ ಕೈ ಒರೆಸಿ, ಸಿಂಥೆಟಿಕ್ ರಬ್ಬರೂ ಈ ಕಣ್ಣೀರಿನ ಗುಂಪಿಗೇ ಸೇರಿದ್ದೆಂದು ಹೇಳಿಬಿಟ್ಟೆ. ವೈನಿ ಚಹಾ ಕೆಳಗಿಟ್ಟರು.

"ರಬ್ಬರದಾಗ ನೀರು ಎಲ್ಲಿ ಬೀಳತೈತ್ರಿ? ಬ್ಯುಟಾಡೈನದಾಗ ಡಬಲ್ ಬಾಂಡ್ ಅದಾವು, ಬಿಚ್ಚಿಕೊಂಡು ಕೂಡತಾವು. ಬ್ಯುಟಾಡೈನ್ ಜೋಡಿ ಸ್ಟೈರೀನ್ ಕೂಡಿದ್ರ ಬ್ಯುನಾ-ಎಸ್, ನಿಮ್ಮ ಸ್ಕೂಟರಿನ ಟೈರು. ಅಕ್ರಿಲೋನೈಟ್ರೈಲ್ ಕೂಡಿದ್ರ ಬ್ಯುನಾ-ಎನ್, ಎಣ್ಣಿಗೆ ಜಗ್ಗೂದಿಲ್ಲ. ಬರೇ ಕ್ಲೋರೋಪ್ರೀನ್ ಒಂದಕ್ಕೊಂದು ಕೂಡಿದ್ರ ನಿಯೋಪ್ರೀನ್. ಎಲ್ಲಾ ಅಡಿಷನ್ನ. ಎರಡು ವರ್ಷ ಆ ಕ್ಲಾಸಿನ್ಯಾಗ ಏನ್ ಮಾಡಿದ್ರಿ ನೀವು?"

ಏನು ಮಾಡಿದ್ದೆ? ಸರ್ ಅವರನ್ನು ನೋಡುತ್ತಿದ್ದೆ.

ನನ್ನ ಯೋಜನೆ ಸರಳವಾಗಿತ್ತು. ಪಾಠಕ್ಕೆ ನಾಲ್ಕು ದಿನ ಮೊದಲು ಮನೆಯವರನ್ನೆಲ್ಲ ಕೂರಿಸಿ, ವೈನಿಯಿಂದ ಪಾಠ ಮಾಡಿಸಿ, ಕೊನೆಗೆ ಗುಟ್ಟು ಬಿಚ್ಚಿ ಎಲ್ಲರನ್ನೂ ನಗಿಸುವುದು. ಆಮೇಲೆ ನೆಟ್ಟಗೆ ಹಿಂದಿ ಕಲಿಸುವುದು. ಇನ್ನೂ ವಾರ ಇದೆ ಅಂದುಕೊಂಡಿದ್ದೆ. ಒಂದು ಬೆಳಿಗ್ಗೆ ಸರ್ ಫೋನ್ ಬಂತು: ಗಂಟಲು ಪೂರಾ ಕೂತಿದೆ, ಇವತ್ತೇ ಮಧ್ಯಾಹ್ನ ಬರಬಹುದಾ?

ವೈನಿ ಇಳಕಲ್ ಸೀರೆ ಉಟ್ಟರು. ಉದಾಹರಣೆಗೆ ಬೇಕೆಂದು ಕುಕ್ಕರಿನ ರಬ್ಬರ್ ರಿಂಗನ್ನು ಬಿಚ್ಚಿ ಬ್ಯಾಗಿಗೆ ಹಾಕಿಕೊಂಡು ಸ್ಕೂಟರ್ ಹತ್ತಿದರು. ವರ್ಧಾ ರೋಡಿನ ಸಿಗ್ನಲ್ಲಿನಲ್ಲಿ ನಿಂತಾಗ ನಾನು ಹೇಳಬೇಕೆಂದು ಬಾಯಿ ತೆರೆದೆ. ಹಿಂದೆ ವೈನಿ ಕಣ್ಣು ಮುಚ್ಚಿಕೊಂಡು ಒಪ್ಪಿಸುತ್ತಿದ್ದರು: "ಹ್ಞಂ-ಹ್ಞಂ, ಸ್ಟೈರೀನ್ ಭಾವೂ, ಆವೋ ಆವೋ." ಪಕ್ಕದ ಆಟೋದವನು ತಿರುಗಿ ನೋಡಿದ. ನನಗೆ ನಗು ಬಂತು.

"ಯಾಕ್ರೀ, ತಪ್ಪೇತೇನು?"

"ಇಲ್ರಿ ವೈನಿ, ಬರೋಬರ್ ಐತಿ."

ಮಾಡಿದ ತಪ್ಪುಗಳೆಲ್ಲ ಒಂದು ಕಡೆ, ಈ ನಾಲ್ಕು ಮಾತು ಒಂದು ಕಡೆ. ಆ ಸಿಗ್ನಲ್ಲಿನಲ್ಲಿ ಈಗಲೂ ನಿಲ್ಲುತ್ತೇನೆ, ಈಗಲೂ ಮುಖ ಬೆಚ್ಚಗಾಗುತ್ತದೆ.

ಸರ್ ಕ್ಲಾಸಿನ ಹೊರಗೆ ಬಹಳ ಕಡಿಮೆ ಮಾತಿನವರು. ಆ ದಿನವಂತೂ ಕೈಸನ್ನೆಯಿಂದಲೇ ವೈನಿಯನ್ನು ಬರಮಾಡಿಕೊಂಡು, ಹಳೆಯ ವಿದ್ಯಾರ್ಥಿಯೆಂದು ನನ್ನನ್ನೂ ಒಳಗೆ ಬಿಟ್ಟು, ಕೊನೆಯ ಬೆಂಚಿನಲ್ಲಿ ಬಿಸಿನೀರಿನ ಫ್ಲಾಸ್ಕ್ ಇಟ್ಟುಕೊಂಡು ಕೂತರು. ಹಾಗಾಗಿ ವೈನಿಗೆ ಸುಳಿವು ಸಿಗಲಿಲ್ಲ. ನಾನು ಬಾಗಿಲ ಪಕ್ಕ ನಿಂತೆ, ಓಡಲು ಅನುಕೂಲವಾಗಲೆಂದು.

ವೈನಿ ಬೋರ್ಡಿನ ಮೇಲೆ ಬ್ಯುಟಾಡೈನ್ ಬರೆದರು. ತಿರುಗಿದರು. ಚಾಕ್‌ಪೀಸಿನ ಕೈಯನ್ನು ಇಳಕಲ್ ಸೀರೆಯ ಸೊಂಟಕ್ಕೆ ಒರೆಸಿಕೊಂಡರು. "ಹ್ಞಂ-ಹ್ಞಂ."

ಮುಂದಿನ ಬೆಂಚಿನ ಹುಡುಗಿ ಬಾಯಿಗೆ ಓಢಣಿ ಒತ್ತಿಕೊಂಡಳು. "ಬ್ಯುಟಾಡೈನ್ ಭಾವೂ" ಅಂದಾಗ ಎರಡು ಬೆಂಚು ನಕ್ಕವು. "ಸಮಜಲಂ ಕಾ? ನಾಹೀ ಸಮಜಲಂ" ಅಂದಾಗ ಇಡೀ ಕೋಣೆ ನಕ್ಕಿತು, ಡೆಸ್ಕ್ ಬಡಿದು ನಕ್ಕಿತು. ವೈನಿಯೂ ಖುಷಿಯಿಂದ ನಕ್ಕರು. ಬಂದಾಗಿನಿಂದ ಈ ಊರಿನಲ್ಲಿ ಅವರು ಆಡಿದ ಮಾತಿಗೆ ಯಾರಾದರೂ ನಕ್ಕದ್ದು ಅದೇ ಮೊದಲು. ಅವರು ರಿಂಗನ್ನು ಎತ್ತಿ ಹಿಗ್ಗಿಸಿ ತೋರಿಸಿದರು. ಸರಪಳಿಗಳು ಬಿಡಿಬಿಡಿಯಾಗಿದ್ದರೆ ಎಳೆದಾಗ ಜಾರಿಹೋಗುತ್ತವೆ, ಗಂಧಕ ಬೆರೆಸಿ ಕಾಯಿಸಿದರೆ ನಡುನಡುವೆ ಗಂಟು ಬಿದ್ದು ಮತ್ತೆ ತಮ್ಮ ಜಾಗಕ್ಕೆ ಬರುತ್ತವೆ ಅಂದರು. ಹಿಂದಿ ಅಲ್ಲಲ್ಲಿ ಕುಂಟಿತು, ವಿಷಯ ಕುಂಟಲಿಲ್ಲ. ಹುಡುಗರು ನಗುತ್ತ ನಗುತ್ತಲೇ ಬರೆದುಕೊಳ್ಳುತ್ತಿದ್ದರು.

ನಾನು ಸರ್ ಮುಖ ನೋಡಿದೆ. ಅವರು ಫ್ಲಾಸ್ಕಿನ ಮುಚ್ಚಳ ಹಾಕುತ್ತಿದ್ದರು. ಹಾಕಿದರು, ತೆಗೆದರು, ಮತ್ತೆ ಹಾಕಿದರು. ತಲೆ ಎತ್ತಲಿಲ್ಲ. ಪಾಠ ಮುಗಿದಮೇಲೆ ಎದ್ದು ಬಂದು, "ಠೀಕ್ ಹೈ ಮೇಡಮ್, ಫೋನ್ ಮಾಡುತ್ತೇವೆ" ಎಂದಷ್ಟೇ ಹೇಳಿ ಒಳಗೆ ಹೋದರು. ನನ್ನ ಕಡೆ ನೋಡಲೇ ಇಲ್ಲ.

ಕೆಳಗೆ ಬಂದರೆ ನನ್ನ ಫೋನಿನಲ್ಲಿ ಅವ್ವ: "ಲೇ ಮಂಗ್ಯಾ, ಕುಕ್ಕರಿಂದ ರಬ್ಬರ್ ಎಲ್ಲಿ ಒಯ್ದ್ರಿ? ಬ್ಯಾಳಿ ಕುದೀವಲ್ದು, ನಿಮ್ಮಪ್ಪ ಹಸದು ಕೆಮ್ಮಾಕ ಹತ್ಯಾರ!" ವೈನಿ ಫೋನ್ ಕಸಿದುಕೊಂಡು, "ಅತ್ತಿ, ಹುಡುಗ್ರಿಗೆ ಭಾಳ ಸೇರ್ತು, ಭಾಳ ನಕ್ಕರು!" ಅಂದರು. ದಾರಿಯಲ್ಲಿ ಸ್ಕೂಟರ್ ನಿಲ್ಲಿಸಲು ಹೇಳಿ ಕಿತ್ತಳೆ ಬರ್ಫಿ ಕೊಂಡರು. ಬೆರಳು ತೋರಿಸದೆ, ಬಾಯಿಬಿಟ್ಟು ಕೇಳಿ ಕೊಂಡರು. ಅಂಗಡಿಯವನಿಗೂ ಭಾವೂ ಅಂದರು. ಮೊದಲ ತುಂಡು ನನಗೆ ಕೊಟ್ಟು, "ಗುರುದಕ್ಷಿಣಾ" ಅಂದರು. ನಾನು ತಿಂದೆ.

ಫೋನ್ ಬರಲಿಲ್ಲ. ವೈನಿ ಮೊಬೈಲನ್ನು ಅಡುಗೆಕಟ್ಟೆಯ ಮೇಲೆ, ಡಬ್ಬಿಗೆ ಆನಿಸಿ ಇಡತೊಡಗಿದರು. ರಿಂಗ್ ಆದರೆ ಹಿಟ್ಟಿನ ಕೈಯಲ್ಲೇ ಓಡಿಬರುತ್ತಿದ್ದರು. ಸಾಲ ಬೇಕೇ ಎಂದು ಕೇಳುವ ಹೆಂಗಸಿಗೂ ಪೂರಾ ಮರ್ಯಾದೆಯಿಂದ "ನಹೀ ಭಾವೂ" ಅನ್ನುತ್ತಿದ್ದರು. ಬರುಬರುತ್ತ ಓಡುವುದು ಕಡಿಮೆಯಾಯಿತು. ಒಂದು ಮಧ್ಯಾಹ್ನ ಕಾಯಿಪಲ್ಯೆ ಗಾಡಿ ಬಂದಾಗ ಬಾಲ್ಕನಿಯಿಂದ ನೋಡಿದೆ. ವೈನಿ ಮತ್ತೆ ಬೆರಳು ತೋರಿಸುತ್ತಿದ್ದರು.

ಸ್ಕೂಟರ್ ತೆಗೆದುಕೊಂಡು ಸದರ್‌ಗೆ ಹೋದೆ.

ಸರ್ ಒಬ್ಬರೇ ಕೂತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಮಾತಾಡಿದ್ದು ಹಿಂದಿಯಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ದನಿಯನ್ನು ಬರೆಯಲು ಬರುವುದಿಲ್ಲವಲ್ಲ, ಅದೊಂದು ಪುಣ್ಯ.

"ಬೇರೆ ಕ್ಲಾಸಿನವರು ನನ್ನನ್ನು ಹಂಗಿಸಲು ನಿಮ್ಮಿಬ್ಬರನ್ನು ಕಳಿಸಿದ್ದಾರೆ ಅಂದುಕೊಂಡಿದ್ದೆ" ಅಂದರು ಸರ್. "ಮಾಡಿ ತೋರಿಸು."

"ಸರ್?"

"ನನ್ನನ್ನು. ಊರಿಗೆಲ್ಲ ತೋರಿಸಿದ್ದೀಯಲ್ಲ."

ಮಾಡಿದೆ. ಎಷ್ಟೋ ಸಭೆ ನಗಿಸಿದ ಐಟಂ. ನಗುವವರಿಲ್ಲದ ಕೋಣೆಯಲ್ಲಿ, ಅದರ ಒಡೆಯನ ಮುಂದೆ. "ಹ್ಞಂ-ಹ್ಞಂ" ಬಂದಾಗ ಅವರು ಕೈ ಎತ್ತಿದರು.

"ಅದು ಯಾಕೆ ಅಂತ ಗೊತ್ತಾ? ಚಿಕ್ಕವನಿದ್ದಾಗ ನನಗೆ ಉಗ್ಗು ಇತ್ತು. ದೊಡ್ಡ ಶಬ್ದ ಬಂದರೆ ಬಾಯಿ ಕಟ್ಟುತ್ತಿತ್ತು. ಎರಡು ಸಲ ಹೀಗೆ ಅಂದರೆ ಬಾಗಿಲು ತೆರೆಯುತ್ತದೆ. ಅದು ನನ್ನ ಇನಿಶಿಯೇಟರ್, ಬೇಟಾ. ಅದು ಇಲ್ಲದಿದ್ದರೆ ಸರಪಳಿ ಶುರುವೇ ಆಗುವುದಿಲ್ಲ."

ಗಣಪತಿ ಮಂಡಳದ ಚಪ್ಪಾಳೆ ನನ್ನ ಕಿವಿಯಲ್ಲಿ ಕೇಳಿಸಿತು, ಅದೂ ಕೆನ್ನೆಗೆ ಹೊಡೆದ ಹಾಗೆ.

ಸರ್ ಸ್ವಲ್ಪ ಬಿಸಿನೀರು ಕುಡಿದರು. "ನಿಯೋಪ್ರೀನ್. ಅಡಿಷನ್ನೋ ಕಂಡೆನ್ಸೇಶನ್ನೋ?"

"ಅಡಿಷನ್, ಸರ್."

"ಶಾಬಾಸ್. ಯಾರು ಕಲಿಸಿದರು?"

"ವೈನಿ."

"ಗೊತ್ತಿತ್ತು. ಎರಡು ವರ್ಷ ನಾನು ಹೇಳಿದ್ದು ನಿನಗೆ ಹತ್ತಲಿಲ್ಲ. ಸೋಮವಾರದಿಂದ ಮೇಡಮ್ ಬರಲಿ. ನನ್ನ ದನಿ ಬೇಡ, ಅವರದನ್ನೇ ತರಲಿ, ಎಂಥದ್ದಿದ್ದರೂ ನಡೆಯುತ್ತದೆ. ಆದರೆ ಯಾಕೆ ತಡವಾಯಿತು ಅನ್ನುವುದನ್ನು ನೀನೇ ಅವರಿಗೆ ಹೇಳಬೇಕು. ನಾನು ಫೋನ್ ಮಾಡುವುದಿಲ್ಲ."

ಮನೆಗೆ ಬಂದಾಗ ವೈನಿ ರೊಟ್ಟಿ ಬಡಿಯುತ್ತಿದ್ದರು. ಅವ್ವ ಹೊರಗೆ ಟೀವಿ ಮುಂದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ. ಮೊದಲು ಒಳ್ಳೆಯ ಸುದ್ದಿ ಹೇಳಿ ಆಮೇಲೆ ಕೆಟ್ಟದ್ದನ್ನು ತೇಲಿಸಿಬಿಡೋಣ ಅಂತ ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೆ. ಅವರ ಹಿಟ್ಟಿನ ಕೈ ನೋಡಿ ಕೆಟ್ಟದ್ದೇ ಮೊದಲು ಬಂತು. ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ಭಾವೂ?"

"ಅದು ಸರ್‌ದು, ವೈನಿ. ಅಣುವಿಗೆ ಯಾರೂ ಅನ್ನಂಗಿಲ್ಲ."

"ಹ್ಞಂ-ಹ್ಞಂ?"

"ಅದೂ ಅವರದ." ಅದು ಯಾಕೆ ಅನ್ನುವುದನ್ನೂ ಹೇಳಿದೆ.

ವೈನಿ ತವೆಯ ಕಡೆ ತಿರುಗಿದರು. "ಅವರ ಮುಂದ ನಿಂತು ನಾ ಅದನ್ನ ಮಾಡಿದೆ. ಹುಡುಗ್ರು ನಕ್ಕಾಗ ನಾನೂ ನಕ್ಕೆ." ರೊಟ್ಟಿ ಹೊತ್ತುವ ವಾಸನೆ ಬಂತು, ಅವರು ತಿರುವಿಹಾಕಲಿಲ್ಲ. "ಮತ್ತ ನೀವು ಬರ್ಫಿ ತಿಂದ್ರಿ."

ಸೋಮವಾರದ ಸುದ್ದಿ ಹೇಳಿದೆ, ಅವರದೇ ದನಿ ಬೇಕಂತೆ ಅಂದೆ.

"ಹೊಕ್ಕೀನಿ" ಅಂದರು ವೈನಿ. "ನನ್ನ ಗದಗಿನ ಹಿಂದಿಯಾಗ ಹೇಳತೀನಿ. ನಕ್ಕರ ನಗ್ಲಿ, ಆ ನಗಿ ನಂದರ ಆಗಿರತೈತಿ. ಮೊದಲು ಹೋಗಿ ಸರ್ ಕಾಲಿಗೆ ಬೀಳತೀನಿ."

ಈಗಲಾದರೂ ಕ್ಷಮೆ ಕೇಳಬೇಕಲ್ಲ. ನಾನು ನೆಟ್ಟಗೆ ನಿಂತೆ. ಒಂದು ಸಲ ಕೆಮ್ಮಿದೆ. ತಲೆ ಸ್ವಲ್ಪ ಎಡಕ್ಕೆ ವಾಲಿಸಿ, "ತಪ್ಪಾತು. ಇನ್ನ ಮ್ಯಾಲೆ ಹಿಂಗ ಆಗೂದಿಲ್ಲ" ಅಂದೆ. ಅಂದಮೇಲೆ ನನಗೇ ಕೇಳಿಸಿತು: ಅವ್ವ ಸಿಟ್ಟಾದಾಗಲೆಲ್ಲ ಅಪ್ಪ ಬಾಗಿಲಲ್ಲಿ ನಿಂತು ಹೇಳುವುದು ಹೀಗೆಯೇ, ಇದೇ ಕೆಮ್ಮು, ಇದೇ ವಾಲಿದ ತಲೆ. ಬೇಕೆಂದು ಮಾಡಿದ್ದಲ್ಲ, ದೇವರಾಣೆ. ಕ್ಷಮೆ ಕೇಳುವುದನ್ನು ನಾನು ನೋಡಿದ್ದೇ ಅಷ್ಟು.

ವೈನಿ ಕರಕಾದ ರೊಟ್ಟಿಯನ್ನು ತವೆಯಿಂದ ತೆಗೆದು ನನ್ನ ತಾಟಿಗೆ ಹಾಕಿದರು. ಆಮೇಲೆ ಮೂಲೆಯ ಬಚ್ಚಲುಕಟ್ಟೆಯ ಕಡೆ ಬೆರಳು ತೋರಿಸಿದರು.

"ಅದು ಮಾವಾರ ದನಿ. ಅವರೇನೂ ತಪ್ಪು ಮಾಡಿಲ್ಲ, ಅವರ್ನ ಬಿಡ್ರಿ. ನಿಮ್ಮದು ಸಿಕ್ಕ ಮ್ಯಾಲೆ ಬರ್ರಿ. ಅಲ್ಲೀತನಕ ಆ ಕುಕ್ಕರ್ ತಿಕ್ಕ್ರಿ, ರಬ್ಬರ್ ತಗದಿಟ್ಟು."